ಎರೆಮಣ್ಣಿನ ಹೆಜ್ಜೆಗೆ ಹಗಲಲ್ಲೂ ಟಾರ್ಚ್ ಬೇಕು

ಮುಧೋಳದ ಕಡೆ ಒಂದು ಕಬ್ಬಿನ ಹೊಲ. ಎರಡು ದಿನದ ಹಿಂದೆ ನೀರು ಹಾಯಿಸಿದ್ದರು. ರಾತ್ರಿ ಬಾವಿಯ ಮೋಟರ್ ಕಳವಾಗಿತ್ತು. ಬದುವಿನ ಪಕ್ಕ ಒಂದೇ ಒಂದು ಚಪ್ಪಲಿ ಗುರುತು ಚೊಕ್ಕವಾಗಿ ಮೂಡಿತ್ತು. ಪೊಲೀಸರ ಜೊತೆ ಫೋಟೋ ತೆಗೆಯಲು ಹೋದ ನಾನು ಟ್ರೈಪಾಡ್ ನಿಲ್ಲಿಸಿ, ಗುರುತಿಗೆ ಛತ್ರಿ ಮರೆ ಮಾಡಿಸಿ, ಟಾರ್ಚ್ ಹಚ್ಚಿದೆ. ಹೊಲದ ಅಜ್ಜ ಕೇಳಿದರು: "ಇಷ್ಟ್ ಬಿಸಿಲೈತಿ, ಬ್ಯಾಟರಿ ಯಾಕ್ರಿ ಸಾಹೇಬ್ರ?"

ಒಳ್ಳೆಯ ಪ್ರಶ್ನೆ. ನೆತ್ತಿಯ ಬಿಸಿಲಿನಲ್ಲಿ, ಇಲ್ಲವೇ ಫ್ಲ್ಯಾಶ್ ನೇರ ಹೊಡೆದಾಗ, ಕಪ್ಪು ಮಣ್ಣಿನಲ್ಲಿ ಮೂಡಿದ ಅಟ್ಟೆಯ ಗೆರೆಗಳು ಸಪಾಟಾಗಿ ಕಾಣುತ್ತವೆ. ನೆರಳು ಬಿದ್ದರೇ ಗೆರೆ ಎದ್ದು ಕಾಣೋದು. ಅದಕ್ಕೇ ಟಾರ್ಚನ್ನು ನೆಲದ ಹತ್ತಿರ, ಓರೆಯಾಗಿ ಹಿಡಿಯುತ್ತೇವೆ. ಒಂದು ಕಡೆಯ ಬೆಳಕಿನಲ್ಲಿ ಕಾಣದ ಸವೆತ ಇನ್ನೊಂದು ಕಡೆಯಿಂದ ಕಾಣುತ್ತದೆ. ಹಾಗಾಗಿ ನಾಲ್ಕೂ ದಿಕ್ಕಿನಿಂದ ಬೆಳಕು ಕೊಟ್ಟು ತೆಗೆಯಬೇಕು. ಕ್ಯಾಮೆರಾ ಮಾತ್ರ ಗುರುತಿನ ಮೇಲೆ ನೇರವಾಗಿ, ಅಲುಗದೆ ಇರಬೇಕು.

ಮೊದಲು ಸ್ಕೇಲ್ ಇಲ್ಲದೆ, ಆಮೇಲೆ ಸ್ಕೇಲ್ ಇಟ್ಟು. ತಪ್ಪು ಜಾಸ್ತಿ ಆಗೋದು ಇಲ್ಲೇ. ಸ್ಕೇಲನ್ನು ಸುಮ್ನೆ ನೆಲದ ಮೇಲೆ ಇಟ್ಟುಬಿಡುತ್ತಾರೆ. ಗುರುತು 2 ಸೆಂ.ಮೀ. ಆಳ ಇದ್ದರೆ, ಸ್ಕೇಲ್ ಕ್ಯಾಮೆರಾಗೆ ಅಷ್ಟು ಹತ್ತಿರವಾಗಿ ದೊಡ್ಡದಾಗಿ ಕಾಣುತ್ತದೆ. ಆ ಫೋಟೋ ನೋಡಿ ಅಳೆದರೆ ಚಪ್ಪಲಿ ನಿಜಕ್ಕಿಂತ ಚಿಕ್ಕದಾಗುತ್ತದೆ. ಪಕ್ಕದ ಮಣ್ಣನ್ನು ಚೂರು ಕೆರೆದು, ಸ್ಕೇಲನ್ನು ಗುರುತಿನ ತಳದ ಮಟ್ಟಕ್ಕೆ ಇಳಿಸಬೇಕು.

ಬರೀ ಗುರುತಿನ ಫೋಟೋ ಯಾವ ಹೊಲದ್ದಾದರೂ ಆಗಬಹುದು, ಅಲ್ವಾ? ಅದಕ್ಕೆ ದೂರದಿಂದ ಹೊಲ, ಬಾವಿ, ದಾರಿ ಸೇರಿಸಿ ಮೊದಲೇ ತೆಗೆದಿರುತ್ತೇವೆ. ಬದುವೂ ಗುರುತೂ ಒಟ್ಟಿಗೆ ಕಾಣುವ ಇನ್ನೊಂದು ಇರಲೇಬೇಕು.

ಶುರುವಿನ ದಿನಗಳಲ್ಲಿ ಮಸುಕಾದ ಒಂದು ಫೋಟೋವನ್ನು ನಾನು ಅಳಿಸಿಬಿಟ್ಟಿದ್ದೆ. ಕೋರ್ಟಿನಲ್ಲಿ ಆರೋಪಿ ಪರ ವಕೀಲರು ಫೈಲ್ ನಂಬರುಗಳನ್ನು ಓದುತ್ತಾ ನಿಲ್ಲಿಸಿದರು. "46 ಇದೆ, 48 ಇದೆ. 47 ಎಲ್ಲಿ?" ಅದು ಮಸುಕಾಗಿತ್ತು ಅಂದೆ. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಅವತ್ತಿನಿಂದ ಒಂದನ್ನೂ ಅಳಿಸಿಲ್ಲ.

ಈಗ ಇದು ಇನ್ನೂ ಮುಖ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಡಿಜಿಟಲ್ ಫೋಟೋ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನಿಂದಲೇ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ, ಅದರ ಬೆರಳಚ್ಚಿನಂಥ ಒಂದು ಸಂಕೇತ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಹ್ಯಾಶ್ ಬದಲಾಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ, ಬೇರೆ ಫೈಲೇ ಆಗಿಬಿಡುತ್ತದೆ. ಮೂಲ ಫೈಲನ್ನು ಮೆಮೊರಿ ಕಾರ್ಡಿನಲ್ಲಿ ಹಾಗೇ ಉಳಿಸಿಕೊಳ್ಳಬೇಕು.

ಆ ಅಜ್ಜ ನಸುಕಿನಲ್ಲೇ ಗುರುತು ನೋಡಿದ್ದರು. ಯಾರೂ ಹೇಳದೆಯೇ ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಜನರನ್ನೂ ದನಗಳನ್ನೂ ದೂರ ಇಟ್ಟು, ಪಕ್ಕದಲ್ಲೇ ಕೂತಿದ್ದರು. ನಾವು ಹೋದಾಗ 11 ಗಂಟೆ. ಸುತ್ತಲ ಎರೆಮಣ್ಣು ಒಣಗಿ ಸಣ್ಣಗೆ ಬಿರುಕು ಬಿಡತೊಡಗಿತ್ತು. ಬುಟ್ಟಿ ಎತ್ತಿದರೆ, ಕೆಳಗಿನ ಮಣ್ಣು ಇನ್ನೂ ಹಸಿಯಾಗಿತ್ತು.