ಶಾಲೆಗೆ ಬಂದ ಯಂತ್ರಗಳು, ಯಾರೂ ಕೇಳದ ಲೆಕ್ಕ

ಕುಮಟಾ, ಹೊನ್ನಾವರ, ಶಿರಸಿ ಕಡೆಯ ಸರ್ಕಾರಿ ಶಾಲೆಗಳಲ್ಲಿ ಈಗ ಸ್ಮಾರ್ಟ್ ಕ್ಲಾಸ್ ಉದ್ಘಾಟನೆಯ ಭರಾಟೆ. ಹಳೆ ವಿದ್ಯಾರ್ಥಿಗಳು ದೇಣಿಗೆ ಕೊಡುತ್ತಾರೆ, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಮುಂದೆ ನಿಂತು ಕೆಲಸ ಮಾಡಿಸುತ್ತಾರೆ. ಆ ಕಾಳಜಿ ದೊಡ್ಡದು. ಆದರೆ ಮೂರು ವರ್ಷ ಕಳೆದ ಮೇಲೆ ಅದೇ ಕೋಣೆಗೆ ಹೋಗಿ ಮಕ್ಕಳಿಗೆ ಇದರಿಂದ ಏನು ಬಂತು ಎಂದು ಕೇಳುವ ಪದ್ಧತಿ ನಮ್ಮಲ್ಲಿ ಬೆಳೆಯಲೇ ಇಲ್ಲ.

ಹಾಗೆ ಕೇಳಿದ ಕಾಲವೂ ಒಂದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಇಸ್ರೊ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಪಾಠ ಮುಟ್ಟಿಸಿತು. ಅದೇ 'ಸೈಟ್' ಪ್ರಯೋಗ. ಕರ್ನಾಟಕದಲ್ಲಿ ಅದು ರಾಯಚೂರು, ವಿಜಾಪುರ, ಗುಲ್ಬರ್ಗ ಕಡೆ ನಡೆಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪಾಲಿಗೆ ಬರಲಿಲ್ಲ. ಟಿವಿ ಇಟ್ಟು ಬಂದು ಕೈತೊಳೆದುಕೊಳ್ಳದೆ, ಪರಿಣಾಮ ಅಳೆಯಲು ಸಮಾಜವಿಜ್ಞಾನಿಗಳನ್ನೇ ನೇಮಿಸಿದ್ದರು. ಅವರಲ್ಲಿ ಕೆಲವರು ಹಳ್ಳಿಗಳಲ್ಲೇ ಉಳಿದು ಗಮನಿಸಿದರು. ಮುಂದಿನ ಯೋಜನೆಗಳಲ್ಲಿ ಈ ಶಿಸ್ತು ತೆಳುವಾಗುತ್ತಾ ಹೋಯಿತು.

1986ರ ಶಿಕ್ಷಣ ನೀತಿಯ ಬೆನ್ನಿಗೆ ಶಾಲೆಗಳಿಗೆ ಕಲರ್ ಟಿವಿ, ಟೇಪ್ ರೆಕಾರ್ಡರ್ ಬಂದವು. 2000ದ ದಶಕದ ಆರಂಭದಲ್ಲಿ ಹೈಸ್ಕೂಲುಗಳಿಗೆ ರಾಜ್ಯದ ಕಂಪ್ಯೂಟರ್ ಶಿಕ್ಷಣ ಯೋಜನೆ 'ಮಾಹಿತಿ ಸಿಂಧು' ಬಂತು, 2004ರಲ್ಲಿ ಕೇಂದ್ರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆ. ಖಾಸಗಿ ಸಂಸ್ಥೆ ಲ್ಯಾಬ್ ಕಟ್ಟಿ, ಐದು ವರ್ಷ ನಡೆಸಿ, ಶಾಲೆಗೆ ಒಪ್ಪಿಸಿ ಹೋಗಬೇಕೆಂಬ ಕರಾರು ಆಗ ಚಾಲ್ತಿಗೆ ಬಂತು. ಐದು ವರ್ಷ ಮುಗಿದರೆ ಕಂಪ್ಯೂಟರ್ ಕಲಿಸಲು ಬಂದವರೂ ಹೊರಟರು, ರಿಪೇರಿಗೆ ಬರುವವರೂ ಇಲ್ಲ.

ಕರಾವಳಿಯಲ್ಲಿ ಈ ಕರಾರಿನ ಕಷ್ಟ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟಿಲ್ಲದೆ ಮೊದಲು ಸಾಯುವುದು ಯುಪಿಎಸ್ ಬ್ಯಾಟರಿ. ಕಿಟಕಿ ಮುಚ್ಚಿದರೆ ತೇವ, ತೆರೆದರೆ ಉಪ್ಪುಗಾಳಿ. ರ‍್ಯಾಮ್ ಕೂರುವ ಜಾಗದಲ್ಲಿ ಹಸಿರು ಕಿಲುಬು. ಬಟ್ಟೆ ಹೊದಿಸಿಟ್ಟ ಕಂಪ್ಯೂಟರುಗಳು ಸ್ಟಾಕ್ ರಿಜಿಸ್ಟರಿನಲ್ಲಿ ಮಾತ್ರ ಆರೋಗ್ಯವಾಗಿರುತ್ತವೆ. ಅವನ್ನು ತೆಗೆದುಹಾಕಲೂ ಅನುಮತಿ ಬೇಕು. ಹೀಗಾಗಿ ಒಂದು ಕೋಣೆಯೇ ಮಕ್ಕಳ ಕೈತಪ್ಪುತ್ತದೆ.

ಯಂತ್ರ ಕೆಟ್ಟದ್ದೆಂದು ಇದರರ್ಥವಲ್ಲ. ಗುಜರಾತಿನಲ್ಲಿ ನಡೆದ ಎರಡು ಅಧ್ಯಯನಗಳನ್ನು ನಮ್ಮ ಮಾಸ್ತರು, ಅಕ್ಕೋರುಗಳ ತರಬೇತಿಯಲ್ಲಿ ಹೇಳಲೇಬೇಕು. ವಡೋದರಾದಲ್ಲಿ ನಾಲ್ಕನೇ ಇಯತ್ತೆಯ ಮಕ್ಕಳು ವಾರಕ್ಕೆ ಎರಡು ತಾಸು, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂತು ಗಣಿತದ ಆಟ ಆಡಿದರು. ಗಣಿತದ ಅಂಕ ಚೆನ್ನಾಗಿಯೇ ಏರಿತು. ಕಾರ್ಯಕ್ರಮ ಮುಗಿದ ಒಂದು ವರ್ಷದಲ್ಲಿ ಆ ಲಾಭ ಬಹುಪಾಲು ಕರಗಿತು. ಇನ್ನೊಂದು, 2008ರ ಅಧ್ಯಯನ: ಶಿಕ್ಷಕರ ಪಾಠದ ಸಮಯ ಕಿತ್ತುಕೊಂಡು ಕಂಪ್ಯೂಟರ್ ಕೊಟ್ಟಲ್ಲಿ ಮಕ್ಕಳು ಹಿಂದೆ ಬಿದ್ದರು, ಶಾಲೆಯ ಹೊತ್ತಿನ ಹೊರಗೆ ಹೆಚ್ಚುವರಿಯಾಗಿ ಕೊಟ್ಟಲ್ಲಿ ಮುಂದೆ ಬಂದರು, ಅದರಲ್ಲೂ ಹಿಂದುಳಿದವರು. ಅಂದರೆ ಯಂತ್ರ ಯಾವ ಪಿರಿಯಡ್ಡಿನಲ್ಲಿ, ಯಾರ ಬದಲಿಗೆ ಅಥವಾ ಯಾರ ಜೊತೆಗೆ ಎಂಬುದರ ಮೇಲೆ ಎಲ್ಲ ನಿಂತಿದೆ.

2020ರಲ್ಲಿ ಶಾಲೆ ಮುಚ್ಚಿದಾಗ ಘಟ್ಟದ ಮೇಲಿನ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು. ಆಗ ಊರೂರಿಗೆ ಹೋಗಿ ಜಗಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಪಾಠ ಮಾಡಿದ 'ವಿದ್ಯಾಗಮ'ದ ಶಿಕ್ಷಕರು ಮೊಬೈಲು ಮುಟ್ಟದ ಕಡೆಗೂ ಮುಟ್ಟಿದರು. ಜೋಯಿಡಾದಂಥ ಕಾಡಿನ ತಾಲೂಕಿಗೆ ಆನ್‌ಲೈನ್ ಆ್ಯಪ್ ಕೊಡುವ ಮುನ್ನ ಇದನ್ನು ನೆನಪಿಡಬೇಕು.

ಹೊಸ ಸ್ಮಾರ್ಟ್ ಬೋರ್ಡ್ ಬರುವ ಮೊದಲು ಎಸ್‌ಡಿಎಂಸಿ ಸಭೆಯ ಠರಾವಿನಲ್ಲಿ ಮೂರು ಮಾತು ಬರೆಯಲಿ: ವಾರಂಟಿ ಮುಗಿದ ಮೇಲೆ ರಿಪೇರಿ ಖರ್ಚು ಯಾರದು, ಯಾವ ತರಗತಿಗೆ ವಾರಕ್ಕೆ ಎಷ್ಟು ಪಿರಿಯಡ್, ಮತ್ತು ಜೂನ್‌ನಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ ಅದೇ ಮಕ್ಕಳಿಗೆ ಒಂದೇ ಮಟ್ಟದ ಓದು-ಲೆಕ್ಕದ ಪರೀಕ್ಷೆ ಮಾಡುವವರು ಯಾರು. ಫಲಿತಾಂಶವನ್ನು ದೇಣಿಗೆ ಕೊಟ್ಟವರಿಗೂ ಕಳಿಸಲಿ.