ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಶುರು

ಬಾಗೇಪಲ್ಲಿ, ಶ್ರೀನಿವಾಸಪುರ, ಪಾವಗಡದ ಕಡೆ ಒಂದನೇ ತರಗತಿಯ ಮೇಷ್ಟ್ರಿಗೆ ತೆಲುಗು ಬೆರೆಸದೆ ಪಾಠ ಸಾಗುವುದಿಲ್ಲ. ‘ರಾ, ಕೂರ್ಚೋ’ ಎಂದು ಕರೆದು, ಮೆಲ್ಲಗೆ ‘ಬಾ, ಕೂತ್ಕೋ’ಗೆ ತರುತ್ತಾರೆ. ಇದನ್ನು ಯಾವ ಸುತ್ತೋಲೆಯೂ ಹೇಳಿಕೊಟ್ಟಿಲ್ಲ. ಆದರೆ ಅದೇ ಕೋಣೆಯಲ್ಲಿ ಹಿಂದೆ ಹಕ್ಕಿ ಬೇಟೆಯಾಡಿ ತಿರುಗುತ್ತಿದ್ದ ಹಕ್ಕಿಪಿಕ್ಕಿ ಬುಡಕಟ್ಟಿನ ಮಗುವೊಂದು ಕೂತಿದ್ದರೆ? ಅದರ ಮನೆಮಾತು ವಾಗ್ರಿ, ಗುಜರಾತಿಯ ಬಳಗದ ನುಡಿ. ಅದಕ್ಕೆ ಕನ್ನಡವೂ ಪರಭಾಷೆ, ತೆಲುಗೂ ಪರಭಾಷೆ. ಮಗು ಸುಮ್ಮನಿರುತ್ತದೆ, ಆ ಮೌನವನ್ನು ನಾವು ದಡ್ಡತನ ಎಂದು ಓದಿಕೊಳ್ಳುತ್ತೇವೆ.

ಶಾಲೆಗೂ ಅಲೆಮಾರಿ, ಬುಡಕಟ್ಟು ಜನರಿಗೂ ನಡುವಿನ ಅಂತರ ಇಂದಿನದಲ್ಲ. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾಗಿ ಮುಂದೆ ದಕ್ಷಿಣಕ್ಕೂ ಬಂದ ಬ್ರಿಟಿಷರ ಅಪರಾಧಿ ಬುಡಕಟ್ಟು ಕಾಯ್ದೆ ಕೊರಚರಂಥ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಎಣಿಸಿತು. 1897ರ ತಿದ್ದುಪಡಿಯಂತೂ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ‘ಸುಧಾರಣಾ’ ವಸತಿಗಳಲ್ಲಿ ಇಡಲು ಅಧಿಕಾರ ಕೊಟ್ಟಿತು. ಕಾಯ್ದೆ ರದ್ದಾದದ್ದು 1952ರಲ್ಲಿ. ಹೆಸರು ಬರೆದುಕೊಳ್ಳಲು ಬರುವ ಸರ್ಕಾರದ ಮನುಷ್ಯನನ್ನು ಕಂಡರೆ ಅಜ್ಜಿಯಂದಿರು ಗುಡಿಸಲೊಳಗೆ ಸರಿಯುವುದಕ್ಕೆ ಇಷ್ಟು ಕಾರಣ ಸಾಲದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿದ ಮೇಲೆ ಹಕ್ಕಿಪಿಕ್ಕಿಗಳು ಮಣಿಸರ, ಪ್ಲಾಸ್ಟಿಕ್ ಹೂವು, ತಲೆಗೆ ಹಚ್ಚುವ ಎಣ್ಣೆ ಹೊತ್ತು ಊರೂರು ತಿರುಗಿದರು. ಜೊತೆಗೆ ಮಕ್ಕಳೂ. ಒಂದೇ ಊರಲ್ಲಿ ಜೂನ್‌ನಿಂದ ಏಪ್ರಿಲ್‌ವರೆಗೆ ನೆಲೆ ನಿಲ್ಲುವವರಿಗಾಗಿ ಮಾಡಿದ ಶಾಲೆಗೆ ಇವರು ಸದಾ ‘ಗೈರು’.

ಇದಕ್ಕೆ ಒಂದು ಒಳ್ಳೆಯ ಉತ್ತರ ಸಿಕ್ಕಿದ್ದು 1995ರಲ್ಲಿ, ಬುಡಕಟ್ಟು ಹಾಡಿಗಳೇ ಹೆಚ್ಚಿರುವ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿಕಲಿ ಎಂಬ ಸರ್ಕಾರಿ ಶಾಲೆಗಳ ಕಲಿಕಾ ಪದ್ಧತಿಯಿಂದ. ಅದರ ಮೂಲ ಮಾತ್ರ ನಮ್ಮ ಗಡಿಗೆ ಅಂಟಿಕೊಂಡಂತಿದೆ: ಆಂಧ್ರದ ಮದನಪಲ್ಲಿ ಪಕ್ಕದ ಋಷಿ ವ್ಯಾಲಿಯ ಹಳ್ಳಿ ಶಾಲೆಗಳು. ಪುಸ್ತಕದ ಬದಲು ಕಾರ್ಡು, ತರಗತಿಯ ಬದಲು ಕಲಿಕಾ ಏಣಿ. ಮಗು ಆ ಏಣಿಯ ಮೂರನೇ ಹಂತದಲ್ಲಿ (‘ಮೈಲಿಗಲ್ಲು’) ಬಿಟ್ಟು ಹೋಗಿ ಎರಡು ತಿಂಗಳಾದ ಮೇಲೆ ಬಂದರೂ ಅಲ್ಲಿಂದಲೇ ಶುರು. ತಿರುಗಾಟದ ಮನೆಯ ಮಗುವಿಗೆ ಇದಕ್ಕಿಂತ ಹೊಂದುವ ಪದ್ಧತಿ ಇನ್ನೊಂದಿಲ್ಲ ಎಂದೇ ನಮ್ಮ ಅನಿಸಿಕೆ. ಕೆಡುವುದು ಎಲ್ಲಿ ಎಂದರೆ, ಪ್ರತಿ ಮಗು ಎಲ್ಲಿಗೆ ಬಂದಿದೆ ಎಂದು ತೋರಿಸುವ ಪಟ್ಟಿಯಾದ ಪ್ರಗತಿನೋಟದಲ್ಲಿ ಗುರುತು ಹಾಕುವುದು ನಿಂತಾಗ. ಆಗ ಮಗು ಎಲ್ಲಿತ್ತೆಂದು ಯಾರಿಗೂ ಗೊತ್ತಿರುವುದಿಲ್ಲ, ಎಲ್ಲರ ಜೊತೆ ಕೂರಿಸಿ ಬೋರ್ಡ್ ನೋಡಿ ಬರೆಸುತ್ತಾರೆ. ಇನ್ನೊಂದು ವಾರಕ್ಕೆ ಮಗು ಮತ್ತೆ ಕಾಣೆ.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಬಾಗಿಲನ್ನು ಕಾಗದದ ಮೇಲಂತೂ ಪೂರ್ತಿ ತೆರೆದಿದೆ. ಟಿ.ಸಿ. ಬರಲಿಲ್ಲವೆಂದು, ವಯಸ್ಸಿನ ದಾಖಲೆ ಇಲ್ಲವೆಂದು, ವರ್ಷದ ನಡುವೆ ಬಂದಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ (ಕಲಂ 5, 14, 15). ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು (ಕಲಂ 4). ಹತ್ತು ವರ್ಷದ ಹುಡುಗನನ್ನು ಅಕ್ಷರ ಬರದೆಂದು ಒಂದನೇ ತರಗತಿಯ ಚಾಪೆಯ ಮೇಲೆ ಕೂರಿಸುವುದು ಕಾನೂನಿಗೂ ವಿರುದ್ಧ, ಆ ಹುಡುಗನ ಮಾನಕ್ಕೂ ವಿರುದ್ಧ.

ಮಾತಿನ ವಿಷಯಕ್ಕೆ ಖರ್ಚಿಲ್ಲದ ಉಪಾಯವಿದೆ. ಮೊದಲ ವಾರವೇ ತಾಯಿಯನ್ನೋ ಅಕ್ಕನನ್ನೋ ಕೂರಿಸಿಕೊಂಡು ಮೂವತ್ತು ಪದ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಡಿ: ನೀರು, ಹಸಿವು, ನೋವು, ಒಂದಕ್ಕೆ, ಬಾ, ಸಾಕು. ಮೇಷ್ಟ್ರು ತಪ್ಪಾಗಿ ಉಚ್ಚರಿಸಿದರೆ ಮಗು ನಗುತ್ತದೆ, ನಗಲಿ. ಅಕ್ಕನನ್ನೇ ದಿನವೂ ದುಭಾಷಿ ಮಾಡಿಕೊಳ್ಳಬೇಡಿ, ಅವಳ ಪಾಠ ಹೋಗುತ್ತದೆ. ಹಕ್ಕಿಪಿಕ್ಕಿ ಕಾಲೊನಿಯ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂರದಂತೆ ನೋಡಿಕೊಳ್ಳಿ, ಬಿಸಿಯೂಟದ ಹೊತ್ತಿನಲ್ಲಂತೂ ಖಂಡಿತ.

ಕೊನೆಗೆ ಹೆಸರು. ಹಕ್ಕಿಪಿಕ್ಕಿಗಳಲ್ಲಿ ಕಾಫಿ, ಹೈಕೋರ್ಟ್, ಮೈಸೂರು ಪಾಕ್ ಎಂಬ ಹೆಸರುಗಳಿವೆ. ಮೇಷ್ಟ್ರು ಕೇಳಿ ನಕ್ಕು, ‘ಒಳ್ಳೇ ಹೆಸರು’ ಇಡೋಣ ಅಂತ ಮಂಜುನಾಥ ಎಂದು ಬರೆದುಕೊಂಡರೆ ಮಗುವಿಗೆ ಆಗುವ ಅವಮಾನ ಒಂದು ಕಡೆ. ಆಧಾರ್‌ನಲ್ಲಿ ಒಂದು, ಶಾಲಾ ದಾಖಲೆಯಲ್ಲಿ ಇನ್ನೊಂದು ಆಗಿ ಜಾತಿ ಪ್ರಮಾಣಪತ್ರಕ್ಕೂ ವಿದ್ಯಾರ್ಥಿವೇತನಕ್ಕೂ ನಾಡಕಚೇರಿಗೆ ವರ್ಷಗಟ್ಟಲೆ ಅಲೆದಾಟ ಇನ್ನೊಂದು ಕಡೆ. ದಾಖಲಾತಿ ದಿನವೇ ತಂದೆತಾಯಿ ಹೇಳಿದ ಹಾಗೆ ಬರೆದು, ಅವರ ಮುಂದೆ ಗಟ್ಟಿಯಾಗಿ ಓದಿ, ಆಧಾರ್ ಇದ್ದರೆ ಅಕ್ಷರ ಅಕ್ಷರ ತಾಳೆ ನೋಡಿ. ಹತ್ತನೇ ತರಗತಿಯ ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ಬಲು ತ್ರಾಸ.