ಬೋರ್ಡ್ ಆಮೇಲೆ ಹಾಕಿ, ಮೊದಲು ತಣ್ಣೀರು ಇಡಿ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಅಂಥ ಮಧ್ಯಾಹ್ನ ಅಕ್ಕಿ ಮಿಲ್ಲಿನಲ್ಲಿ ಲಾರಿಗೆ ಚೀಲ ಹೊರುವ ಹಮಾಲರಿಗೆ ‘ಪ್ಲಾಸ್ಟಿಕ್ ಬಿಡಿ’ ಎಂಬ ಬೋರ್ಡ್ ತೋರಿಸಿ ಏನು ಉಪಯೋಗ? ಅವರಿಗೆ ಬೇಕಿರುವುದು ತಣ್ಣೀರು. ಅದು ಗೇಟಿನ ಹೊರಗಿನ ಅಂಗಡಿಯ ಫ್ರಿಜ್‌ನಲ್ಲಿ, ಬಾಟಲಿಯಲ್ಲಿ ಮಾತ್ರ ಸಿಗುತ್ತದೆ ಅಂದರೆ ಅದನ್ನೇ ಕೊಳ್ಳುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಕಂಪನಿಗಳು ಸಾರ್ವಜನಿಕರನ್ನೂ ಜೊತೆಗೆ ಕರೆದುಕೊಂಡು ಪ್ಲಾಸ್ಟಿಕ್ ಕಸ ಕಡಿಮೆ ಮಾಡಬೇಕು ಎಂದಾಗಲೆಲ್ಲ ಪ್ರತಿಜ್ಞೆ, ಭಾಷಣ, ಜೂನ್ 5ರ ಪರಿಸರ ದಿನದ ಕಾರ್ಯಕ್ರಮ ಇವೇ ಮುಂದೆ ಬರುತ್ತವೆ. ಪ್ಲಾಸ್ಟಿಕ್ ಕೆಟ್ಟದ್ದು ಅಂತ ಈಗ ಯಾರಿಗೆ ಗೊತ್ತಿಲ್ಲ ಹೇಳಿ? ಆದರೂ ಅದು ಕೈಗೆ ಬರುತ್ತಲೇ ಇದೆ. ಯಾಕೆಂದರೆ ನೀರು ಎಲ್ಲಿದೆ, ಚಹಾ ಯಾವುದರಲ್ಲಿ ಬರುತ್ತದೆ, ಮಾಲು ಯಾವ ಚೀಲದಲ್ಲಿ ಹೋಗುತ್ತದೆ ಎಂಬುದನ್ನು ಕೂಲಿಕಾರರು ತೀರ್ಮಾನಿಸುವುದಿಲ್ಲ. ಕಂಪನಿ ತೀರ್ಮಾನಿಸುತ್ತದೆ. ಹಾಗಾಗಿ ಬದಲಾವಣೆ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ನಂಬಿಕೆ.

ನೀರಿನ ವಿಷಯವನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆ ಬೇಸಿಗೆಯಲ್ಲಿ ಅರವಟಿಗೆ ಇಡುವ ಪದ್ಧತಿ ಹಳೆಯದು. ಮಣ್ಣಿನ ಗಡಿಗೆ, ಮೇಲೊಂದು ಒದ್ದೆ ಬಟ್ಟೆ, ಪಕ್ಕದಲ್ಲಿ ಲೋಟ. ಇದರ ಹಿಂದೆ ಗಟ್ಟಿ ವಿಜ್ಞಾನವಿದೆ. ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಆ ಶಾಖದ ಬಹುಪಾಲು ಗಡಿಗೆಯ ನೀರಿನಿಂದಲೇ ಹೋಗುತ್ತದೆ. ಒಂದು ಲೀಟರ್ ನೀರನ್ನು 10 ಡಿಗ್ರಿ ತಣ್ಣಗಾಗಿಸಲು 42 ಕಿಲೋಜೂಲ್ ತೆಗೆದರೆ ಸಾಕು. ಲೆಕ್ಕದ ಪ್ರಕಾರ, ಒಂದು ಲೀಟರ್ ಆವಿಯಾದರೆ ಐವತ್ತಕ್ಕೂ ಹೆಚ್ಚು ಲೀಟರ್ ತಣ್ಣಗಾಗಬೇಕು. ಹೊರಗಿನ ಬಿಸಿ ಒಳಗೆ ಬರುತ್ತಲೇ ಇರುವುದರಿಂದ ಅಷ್ಟು ಸಿಗುವುದಿಲ್ಲ, ನಿಜ. ಆದರೂ ಕರೆಂಟ್ ಇಲ್ಲದೆ ಕುಡಿಯಲು ಹಿತವಾದ ನೀರಂತೂ ಸಿಗುತ್ತದೆ. ಗಾಳಿ ಒಣಗಿದ್ದಷ್ಟೂ ಗಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ತೇವದ ಗಾಳಿಗಿಂತ ಬಳ್ಳಾರಿಯ ಒಣ ಬಿಸಿಲಿಗೆ ಇದು ಹೇಳಿ ಮಾಡಿಸಿದ್ದು.

ಬರೀ ತಂಪು ಸಾಲದು. ನೀರಿನ ಮೇಲೆ ನಂಬಿಕೆಯೂ ಬೇಕು. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಫ್ಲೋರೈಡ್‌ನಿಂದ ಹಲ್ಲು ಕಂದು ಬಣ್ಣವಾದವರನ್ನು, ಕೀಲು ಹಿಡಿದವರನ್ನು ನೋಡುತ್ತಾ ಬೆಳೆದವರು ನಲ್ಲಿ ನೀರಿಗೆ ಅನುಮಾನ ಪಡುವುದು ತಪ್ಪಲ್ಲ. ಬಾಟಲಿಯ ಸೀಲು ಅವರಿಗೆ ಒಂದು ಭರವಸೆ. ಗಡಿಗೆಗೆ ಫ್ಲೋರೈಡ್ ತೆಗೆಯುವ ಶಕ್ತಿಯಿಲ್ಲ. ಅದಕ್ಕೆ ಆರ್‌ಒ ಘಟಕದಲ್ಲಿ ಶುದ್ಧವಾದ ನೀರನ್ನೇ ತುಂಬಬೇಕು. ನಲ್ಲಿಯ ಪಕ್ಕದಲ್ಲೇ ಇತ್ತೀಚಿನ ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಂಟಿಸಲಿ. ಮ್ಯಾನೇಜರ್ ಕೂಡ ಅದೇ ನಲ್ಲಿಯ ನೀರು ಕುಡಿಯಲಿ.

ಇನ್ನೊಂದು ಮಾತು. ತೋರಣಗಲ್ಲು, ಗಿಣಿಗೇರಾ ಕಡೆಯ ದೊಡ್ಡ ಕಾರ್ಖಾನೆಗಳ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಡ್ರೈವರ್, ಕ್ಲೀನರ್‌ಗಳು ಕಂಪನಿಯ ನೌಕರರಲ್ಲ. ಆದರೆ ಕಾಯುತ್ತಿರುವುದು ಕಂಪನಿಯ ಮಾಲಿಗಾಗಿ. ನೀರಿನ ಒಂದು ನಲ್ಲಿ ಗೇಟಿನ ಹೊರಗೂ ಇರಬೇಕು. ಸಾರ್ವಜನಿಕರನ್ನು ಜೊತೆಗೆ ಕರೆದುಕೊಳ್ಳುವುದು ಎಂದರೆ ಮೊದಲಿಗೆ ಇದು.

ಈಗ ಚಹಾಕ್ಕೆ ಬರೋಣ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಕಪ್, ತಟ್ಟೆ, ಚಮಚಗಳಿಗೆ ನಿಷೇಧ ಬಂತು. ಬಹಳ ಕಡೆ ಪೇಪರ್ ಕಪ್ ತಂದು ಕೆಲಸ ಮುಗಿಯಿತು ಅಂದುಕೊಂಡರು. ಮುಗಿದಿಲ್ಲ. ಪೇಪರ್ ಕಪ್ಪಿನ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ, ಹೆಚ್ಚಾಗಿ ಪಾಲಿಎಥಿಲೀನ್‌ನದು. ಅದಿಲ್ಲದಿದ್ದರೆ ಚಹಾ ಸೋರುತ್ತದೆ. 2020ರಲ್ಲಿ ಐಐಟಿ ಖರಗ್‌ಪುರದ ಸಂಶೋಧಕರು ಇಂಥ ಕಪ್ಪುಗಳಿಗೆ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿ ನೀರು ಹಾಕಿ 15 ನಿಮಿಷ ಬಿಟ್ಟರು. ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಸೇರಿದ್ದವು. ಸ್ಟೀಲ್ ಲೋಟಕ್ಕೆ ಈ ತೊಂದರೆ ಇಲ್ಲ. ತೊಳೆಯಲು ಒಬ್ಬರು ಬೇಕು, ಅವರಿಗೆ ಸಂಬಳ ಕೊಡಬೇಕು, ಅಷ್ಟೇ.

‘ಸ್ವಂತ ಲೋಟ ತಂದರೆ ಒಂದು ರೂಪಾಯಿ ಕಡಿಮೆ’ ಎಂದರೆ ಜನ ತರುತ್ತಾರಾ? ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಕಾಫಿ ಅಂಗಡಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ರಿಯಾಯಿತಿಯಿಂದ ಫಲ ಸಿಗಲಿಲ್ಲ. ಬಿಸಾಡುವ ಕಪ್ಪಿಗೆ ಪ್ರತ್ಯೇಕ ಬೆಲೆ ಹಾಕಿದಾಗ ಸ್ವಂತ ಕಪ್ ತರುವವರು ಹೆಚ್ಚಿದರು. ಬರುವ ರೂಪಾಯಿಗಿಂತ ಹೋಗುವ ರೂಪಾಯಿ ಮನಸ್ಸಿಗೆ ಜಾಸ್ತಿ ನಾಟುತ್ತದೆ. ಆದರೆ ಗುತ್ತಿಗೆ ಕಾರ್ಮಿಕರ ಮೇಲೆ ಸುಮ್ನೆ ಈ ದರ ಹೇರುವುದು ಅನ್ಯಾಯ. ಮೊದಲು ಎಲ್ಲರಿಗೂ ಒಂದೊಂದು ಲೋಟ ಕೊಡಿ, ತೊಳೆಯುವ ಜಾಗ ಮಾಡಿ. ಬೆಲೆಯ ಮಾತು ಆಮೇಲೆ.

ಖಾನಾವಳಿಯಿಂದ ಊಟದ ಪಾರ್ಸೆಲ್ ತರಿಸುವ ಆಫೀಸುಗಳಿಗೆ ಚೀನಾದ ಒಂದು ಅನುಭವ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಊಟ ತಲುಪಿಸುವ ಆ್ಯಪ್‌ನಲ್ಲಿ ‘ಚಮಚ, ಊಟದ ಕಡ್ಡಿ ಬೇಡ’ ಎಂಬುದನ್ನೇ ಮೊದಲ ಆಯ್ಕೆಯಾಗಿ ಇಟ್ಟರು. ಬೇಕಾದವರು ಕೇಳಿ ಪಡೆಯಬೇಕು. ಬೇಡ ಎಂದವರಿಗೆ ಒಂದಿಷ್ಟು ಹಸಿರು ಅಂಕಗಳೂ ಸಿಗುತ್ತಿದ್ದವು. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬೇಡ ಎನ್ನುವ ಆರ್ಡರ್‌ಗಳ ಪಾಲು ಶೇ 648ರಷ್ಟು ಏರಿತು, ಅಂದರೆ ಮೊದಲಿನ ಸುಮಾರು ಏಳೂವರೆ ಪಟ್ಟಾಯಿತು. ಯಾರಿಗೂ ಉಪದೇಶ ಮಾಡಲಿಲ್ಲ. ನಮ್ಮಲ್ಲೂ ‘ರೊಟ್ಟಿ, ಪಲ್ಯ ಡಬ್ಬಿಯಲ್ಲೇ ಬರಲಿ, ಕವರ್ ಬೇಕಾದರೆ ಹೇಳುತ್ತೇವೆ’ ಅಂತ ಖಾನಾವಳಿಯವರಿಗೆ ಒಮ್ಮೆ ತಿಳಿಸಿಟ್ಟರೆ ಸಾಕು.

ಕಂಪನಿಯ ಮಾಲಿಗೂ ಪ್ಲಾಸ್ಟಿಕ್ಕಿಗೂ ಇರುವ ನಂಟು ಇನ್ನೂ ದೊಡ್ಡದು. ಹತ್ತಿ ನೋಡಿ. ರಾಯಚೂರು ಹತ್ತಿಗೆ ಹೆಸರಾದ ಮಾರುಕಟ್ಟೆ. ಹತ್ತಿ ಬಿಡಿಸುವಾಗ ಖಾಲಿ ಗೊಬ್ಬರದ ಚೀಲದಲ್ಲಿ ತುಂಬುವುದುಂಟು. ಆ ಚೀಲ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಅದರ ಎಳೆ ಕಿತ್ತು ಹತ್ತಿಯಲ್ಲಿ ಸೇರುತ್ತದೆ. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ತುಂಡಾಗುತ್ತದೆ. ನೂಲಿನ ಗಿರಣಿಗೆ ಹೋಗುವಷ್ಟರಲ್ಲಿ ಕೂದಲಿಗಿಂತ ಸಣ್ಣ ಎಳೆಗಳಾಗಿ ನೂಲಿನೊಳಗೆ ಹೊಕ್ಕಿರುತ್ತದೆ. ಪಾಲಿಪ್ರೊಪಿಲೀನ್ ಹತ್ತಿಯ ಬಣ್ಣ ಹೀರುವುದಿಲ್ಲ. ಹಾಗಾಗಿ ಬಟ್ಟೆಗೆ ಬಣ್ಣ ಹಾಕಿದ ಮೇಲೆ ಅಲ್ಲಲ್ಲಿ ಚುಕ್ಕೆ ಕಾಣುತ್ತದೆ, ಬಟ್ಟೆಯ ಬೆಲೆ ಇಳಿಯುತ್ತದೆ. ಇದನ್ನು ಆರಿಸಿ ತೆಗೆಯಲು ಗಿರಣಿಗಳು ಜನರನ್ನೂ ಯಂತ್ರಗಳನ್ನೂ ಇಡುತ್ತವೆ. ಜಿನ್ನಿಂಗ್ ಮಿಲ್ಲಿನವರು ರೈತರಿಗೆ ಹತ್ತಿ ಬಟ್ಟೆಯ ಚೀಲ ಕೊಟ್ಟು, ಅದರಲ್ಲಿ ಬಂದ ಸ್ವಚ್ಛ ಮಾಲಿಗೆ ಸ್ವಲ್ಪ ಹೆಚ್ಚು ದರ ಕೊಡಲಿ. ಹೊಲದಲ್ಲಿ ಪ್ಲಾಸ್ಟಿಕ್ ಕಡಿಮೆಯಾಗುತ್ತದೆ, ರೈತನಿಗೂ ಮಿಲ್ಲಿಗೂ ಲಾಭ. ಪರಿಸರದ ಹೆಸರೇ ಎತ್ತದೆ ಆಗಬಹುದಾದ ಕೆಲಸ ಇದು, ಅಲ್ವಾ?

ಗಂಗಾವತಿ, ಸಿಂಧನೂರು, ರಾಯಚೂರಿನ ಸೋನಾಮಸೂರಿ ದೂರದೂರದ ಊರಿಗೆ ಹೋಗುವುದೂ ಹೆಚ್ಚಾಗಿ ಪಾಲಿಪ್ರೊಪಿಲೀನ್ ಚೀಲದಲ್ಲೇ. ಮನೆಗಳಲ್ಲಿ ಈ ಚೀಲ ಬಿಚ್ಚಿ ಹೊಲಿದು ಕಾಳು ಒಣಗಿಸಲು ಹಾಸುತ್ತಾರೆ. ಒಳ್ಳೆಯ ಬಳಕೆ. ಆದರೆ ಬಿಸಿಲಿನ ಅತಿನೇರಳೆ ಕಿರಣ ಮತ್ತು ಆಮ್ಲಜನಕ ಸೇರಿ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಯನ್ನು ಕಡಿಯುತ್ತಾ ಹೋಗುತ್ತವೆ. ದಿನ ಕಳೆದಂತೆ ಚೀಲ ಮುಟ್ಟಿದರೆ ಪುಡಿಯಾಗುತ್ತದೆ. ಅದು ಕರಗಿ ಹೋಗಿಲ್ಲ. 5 ಮಿಲಿಮೀಟರಿಗಿಂತ ಚಿಕ್ಕದಾಗಿ, ಆರಿಸಲು ಬಾರದಂತೆ ಮಣ್ಣಿಗೆ ಸೇರಿದೆ. ಹಾಗೆ ಪುಡಿಯಾಗುವ ಮೊದಲೇ ಚೀಲವನ್ನು ವಾಪಸ್ ತರಬೇಕು. ಚಿಪ್ಸ್, ಶಾಂಪೂ ಪ್ಯಾಕೆಟ್‌ಗಳಲ್ಲಿ ಬೇರೆ ಬೇರೆ ಪದರ ಅಂಟಿಸಿರುವುದರಿಂದ ಗುಜರಿಯವರು ಮುಟ್ಟುವುದಿಲ್ಲ. ಅಕ್ಕಿ ಚೀಲ ಹೆಚ್ಚಾಗಿ ಒಂದೇ ಬಗೆಯ ಪ್ಲಾಸ್ಟಿಕ್, ಕರಗಿಸಿ ಮತ್ತೆ ಬಳಸಬಹುದು.

ತಮ್ಮ ಪ್ಯಾಕಿಂಗಿನ ಪ್ಲಾಸ್ಟಿಕ್ಕನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರ ಮತ್ತು ಬ್ರ್ಯಾಂಡಿನವರ ಮೇಲೆ ಇದೆ ಎಂದು 2016ರ ನಿಯಮಗಳೇ ಹೇಳುತ್ತವೆ. 2022ರ ಫೆಬ್ರುವರಿಯಲ್ಲಿ ಅದಕ್ಕೆ ವಿವರವಾದ ಮಾರ್ಗಸೂಚಿಯೂ ಬಂತು. ದಾರಿ ಹೊಸದೇನಲ್ಲ. ಗಾಜಿನ ಸೋಡಾ ಬಾಟಲಿಗೆ ಮುಂಗಡ ಇಟ್ಟು, ಖಾಲಿ ಕೊಟ್ಟು ರೊಕ್ಕ ವಾಪಸ್ ಪಡೆದ ನೆನಪು ಹಿರಿಯರಿಗೆ ಇದೆ. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ಹಿಂತಿರುಗಿಸುತ್ತಿದ್ದಾರೆ. ಬಹುಪಾಲು ಬಾಟಲಿಗಳು ಕಾಡು, ರಸ್ತೆ ಬದಿ ಸೇರದೆ ಅಂಗಡಿಗೇ ಮರಳುತ್ತಿವೆ. ಅಕ್ಕಿ ಚೀಲದ ಮೇಲೂ ‘ಖಾಲಿ ಚೀಲಕ್ಕೆ ಇಷ್ಟು ರೂಪಾಯಿ’ ಎಂದು ಮಿಲ್ಲಿನವರು ಅಚ್ಚು ಹಾಕಿಸಲಿ. ಚೀಲ ವಾಪಸ್ ಪಡೆಯುವ ಕಿರಾಣಿ ಅಂಗಡಿಯವರಿಗೂ ಅದರಲ್ಲಿ ಒಂದು ಪಾಲು ಕೊಡಲಿ. ಅಂಗಡಿಗೆ ಮಾಲು ಇಳಿಸಿದ ಲಾರಿ ಹೇಗಿದ್ದರೂ ಊರಿಗೆ ಮರಳಬೇಕಲ್ಲ, ಖಾಲಿ ಚೀಲಗಳ ಕಟ್ಟು ಅದರಲ್ಲೇ ಬರಬಹುದು.